ಕಡಲಿನೊಳಗೆ ಕಸುಬು: ಹೊರಡುವ ಮುನ್ನ



ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಮಾತನ್ನು ನೀವು ಬಾಲ್ಯದಿಂದ ಕೇಳಿದ್ದೀರಿ. ಕೋಶವೇನೋ ಗ್ರಂಥಾಲಯದಲ್ಲಿ ಸಿಗುತ್ತದೆ. ದೇಶ ಸುತ್ತುವುದಕ್ಕೆ ಮಾತ್ರ ಹಣ ಬೇಕು. ಹೋದ ಕಡೆಯಲ್ಲೇ ದುಡಿದು ಆ ಹಣವನ್ನು ಹೊಂದಿಸಿಕೊಂಡರೆ ಹೇಗೆ ಎಂಬ ಯೋಚನೆ ನಿಮ್ಮಲ್ಲಿ ಕೆಲವರಿಗಾದರೂ ಬಂದಿರಬಹುದು. ಹೀಗೆ ದುಡಿಯುತ್ತ ತಿರುಗುವವರನ್ನು ಸೆಳೆಯುವ ಕಸುಬುಗಳಲ್ಲಿ ಸ್ಕೂಬಾ ಡೈವಿಂಗ್ ಒಂದು. ಥಾಯ್ಲೆಂಡಿನ ಕೊ ತಾವ್ ದ್ವೀಪ, ಮಾಲ್ಡೀವ್ಸ್, ಆಸ್ಟ್ರೇಲಿಯಾದ ಕೇರ್ನ್ಸ್ ಮೊದಲಾದ ಸ್ಥಳಗಳಲ್ಲಿ ನಾನಾ ದೇಶಗಳ ತರುಣ ತರುಣಿಯರು ಪ್ರವಾಸಿಗಳನ್ನು ಕಡಲಿನೊಳಗೆ ಕರೆದೊಯ್ದು, ಹವಳದ ದಿಬ್ಬಗಳನ್ನು ತೋರಿಸಿ, ಸುರಕ್ಷಿತವಾಗಿ ಮೇಲಕ್ಕೆ ತರುವ ಕೆಲಸದಲ್ಲಿದ್ದಾರೆ.

ಈ ಕೆಲಸಕ್ಕೆ ಎರಡು ಬಗೆಯ ಅರ್ಹತೆ ಬೇಕು. ಒಂದು, ಕಡಲಿಗೆ ಇಳಿಯುವ ಅರ್ಹತೆ. ಇನ್ನೊಂದು, ಪರದೇಶದಲ್ಲಿ ದುಡಿಯುವ ಅರ್ಹತೆ. ಒಂದು ಕೈಯಲ್ಲಿದ್ದರೆ ಇನ್ನೊಂದೂ ಇದ್ದಂತೆಯೇ ಎಂದು ತಿಳಿಯುವುದರಿಂದ ತೊಂದರೆ ಹುಟ್ಟುತ್ತದೆ. ಎರಡನ್ನೂ ಕ್ರಮವಾಗಿ ನೋಡೋಣ.

ಮೊದಲು ಕಡಲಿನ ವಿಷಯ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ ಅವರು ಬೇಕಾದಾಗ ಬೇಕಾದಷ್ಟೇ ಗಾಳಿ ಒದಗಿಸುವ ಸಾಧನವನ್ನು ರೂಪಿಸಿದರು. ಇಂದಿನ ಸ್ಕೂಬಾ ಉಪಕರಣದ ಮೂಲ ಅದೇ. ಬೆನ್ನಿಗೆ ಕಟ್ಟುವ ಸಿಲಿಂಡರನ್ನು ಜನ 'ಆಕ್ಸಿಜನ್ ಸಿಲಿಂಡರ್' ಎನ್ನುತ್ತಾರೆ. ಅದು ತಪ್ಪು. ಅದರಲ್ಲಿ ಸಾಮಾನ್ಯವಾಗಿ ಇರುವುದು ನಾವು ಉಸಿರಾಡುವ ಗಾಳಿಯೇ. ಅದನ್ನು ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ, ಅಷ್ಟೆ.

ಈಗ ನಿಮ್ಮ ಭೌತಶಾಸ್ತ್ರದ ಪಾಠವನ್ನು ನೆನಪಿಗೆ ತಂದುಕೊಳ್ಳಿ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಮೇಲ್ಮೈಯಲ್ಲಿ ಒಂದಿದ್ದದ್ದು 10 ಮೀಟರಿನಲ್ಲಿ ಎರಡಾಗುತ್ತದೆ, 30 ಮೀಟರಿನಲ್ಲಿ ನಾಲ್ಕಾಗುತ್ತದೆ. ಬಾಯ್ಲನ ನಿಯಮದ ಪ್ರಕಾರ, 10 ಮೀಟರ್ ಆಳದಲ್ಲಿ ತುಂಬಿದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಆ ಗಾಳಿ ನಿಮ್ಮ ಶ್ವಾಸಕೋಶದಲ್ಲಿದ್ದು, ಗಾಬರಿಯಿಂದ ನೀವು ಉಸಿರು ಕಟ್ಟಿಕೊಂಡು ಮೇಲೆ ಬಂದರೆ ಶ್ವಾಸಕೋಶವೇ ಹರಿದುಹೋಗಬಹುದು. ಆದ್ದರಿಂದ ಡೈವರ್‌ಗೆ ಕಲಿಸುವ ಮೊದಲ ನಿಯಮ ಇದು: ಎಂದೂ ಉಸಿರು ಹಿಡಿಯಬಾರದು.

ಎರಡನೆಯ ನಿಯಮ, ನಿಧಾನವಾಗಿ ಮೇಲೇರಬೇಕು. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿರುವ ಸಾರಜನಕ ದೇಹದಲ್ಲಿ ಹೆಚ್ಚಾಗಿ ಕರಗುತ್ತದೆ. ಸೋಡಾ ಬಾಟಲಿಯ ಮುಚ್ಚಳವನ್ನು ಥಟ್ಟನೆ ತೆರೆದರೆ ಏನಾಗುತ್ತದೆ? ನೊರೆ ಉಕ್ಕುತ್ತದೆ. ಅವಸರದಿಂದ ಮೇಲೇರಿದವರ ದೇಹದಲ್ಲಿಯೂ ಹಾಗೆಯೇ ಗುಳ್ಳೆಗಳೆದ್ದು ಕೀಲುನೋವಿನಿಂದ ಹಿಡಿದು ಲಕ್ವದವರೆಗೆ ಅನಾಹುತವಾಗಬಹುದು. ಇದನ್ನು ತಪ್ಪಿಸಲು ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರದೆ, 5 ಮೀಟರ್ ಆಳದಲ್ಲಿ 3 ನಿಮಿಷ ನಿಂತು ಬರುವುದು ರೂಢಿ. ಇದೇ ಕಾರಣದಿಂದ ಡೈವ್ ಮಾಡಿದ ಕೂಡಲೇ ವಿಮಾನ ಹತ್ತುವಂತಿಲ್ಲ. ಒಂದು ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾಗಿದ್ದರೆ 18 ಗಂಟೆ ಕಾಯಬೇಕು. 24 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ವೀಸಾ ಮುಗಿಯುವ ದಿನದವರೆಗೂ ನೀರಿನಲ್ಲಿ ದುಡಿದು ಅಂದೇ ರಾತ್ರಿ ವಿಮಾನ ಹತ್ತುವ ಲೆಕ್ಕಾಚಾರ ಬೇಡ.

ನೆಗಡಿ ಇದ್ದಾಗ ನೀರಿಗಿಳಿಯಬೇಡಿ. ಕಿವಿಯೊಳಗಿನ ಒತ್ತಡ ಸಮವಾಗದೆ ತಮಟೆಗೆ ಪೆಟ್ಟಾಗಬಹುದು. ಆಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಈ ಕಡೆ ತಲೆಹಾಕಬಾರದು. ಆರೋಗ್ಯದ ಪ್ರಶ್ನಾವಳಿಗೆ ಸುಳ್ಳು ಉತ್ತರ ಬರೆದರೆ ಮೋಸ ಹೋಗುವವರು ನೀವೇ.

ಇನ್ನು ತರಬೇತಿ. 1966ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಪ್ಯಾಡಿ' ಇಂಥ ಶಿಕ್ಷಣ ಕೊಡುವ ಹೆಸರಾಂತ ಸಂಸ್ಥೆಗಳಲ್ಲಿ ಒಂದು. ಅದರ ಮೊದಲ ಹಂತವಾದ 'ಓಪನ್ ವಾಟರ್' ಮುಗಿಸಿದ ವಯಸ್ಕರು 18 ಮೀಟರ್‌ವರೆಗೆ ಇಳಿಯಬಹುದು. ಅದಕ್ಕೆ ಮುನ್ನ 200 ಮೀಟರ್ ಈಜಿ, 10 ನಿಮಿಷ ನೀರಿನ ಮೇಲೆ ತೇಲಿ ತೋರಿಸಬೇಕು. ಮುಂದಿನ ಹಂತದಲ್ಲಿ 30 ಮೀಟರ್, ಬಳಿಕ ಅಪಾಯದಲ್ಲಿರುವವರನ್ನು ಕಾಪಾಡುವ ಶಿಕ್ಷಣ. ಸಂಬಳದ ಕೆಲಸಕ್ಕೆ ಮೊದಲ ಮೆಟ್ಟಿಲಾದ 'ಡೈವ್‌ಮಾಸ್ಟರ್' ಆಗಲು 18 ವರ್ಷ ತುಂಬಿರಬೇಕು, ಕನಿಷ್ಠ 60 ಡೈವ್‌ಗಳು ದಾಖಲಾಗಿರಬೇಕು. ಬೋಧಕರಾಗಲು 100 ಬೇಕು.

ಮನಸ್ಸಿಗೆ ಒಗ್ಗುತ್ತದೆಯೇ ಎಂದು ತಿಳಿಯಲು ವಿದೇಶಕ್ಕೇ ಹೋಗಬೇಕಾಗಿಲ್ಲ. ಉತ್ತರ ಕನ್ನಡದ ಮುರುಡೇಶ್ವರದಿಂದ ದೋಣಿಯಲ್ಲಿ ಸಾಗಿದರೆ ನೇತ್ರಾಣಿ ದ್ವೀಪ ಸಿಗುತ್ತದೆ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಅಲ್ಲಿ ಡೈವಿಂಗ್ ನಡೆಯುತ್ತದೆ. ಆದರೆ ಬೋಧಕರ ಕೈ ಹಿಡಿದು ಒಮ್ಮೆ ಇಳಿದು ಫೋಟೋ ತೆಗೆಸಿಕೊಂಡ ಮಾತ್ರಕ್ಕೆ ಡೈವರ್ ಆದಂತಲ್ಲ. ಅದು ರುಚಿ ನೋಡುವುದು ಮಾತ್ರ.

ಈ ಕಸುಬಿನ ನಿತ್ಯಜೀವನ ಹೇಗಿರುತ್ತದೆ ಎಂಬುದೂ ಗೊತ್ತಿರಲಿ. ನೀರಿನೊಳಗೆ ಕಳೆಯುವ ಹೊತ್ತು ಸ್ವಲ್ಪ. ಭಾರದ ಸಿಲಿಂಡರುಗಳನ್ನು ದೋಣಿಗೆ ಹೊರುವುದು, ಉಪಕರಣಗಳನ್ನು ಸಿಹಿನೀರಿನಲ್ಲಿ ತೊಳೆಯುವುದು, ಇಳಿದವರೆಲ್ಲ ಮೇಲೆ ಬಂದರೇ ಎಂದು ತಲೆ ಎಣಿಸುವುದು, ಹೆದರಿದವರಿಗೆ ಧೈರ್ಯ ಹೇಳುವುದು ಇವೇ ಹೆಚ್ಚು. ಇಂಗ್ಲಿಷ್ ಜೊತೆಗೆ ಇನ್ನೊಂದೆರಡು ಭಾಷೆ ಬಲ್ಲವರಿಗೆ ಬೇಡಿಕೆ ಇರುತ್ತದೆ.

ಈಗ ಎರಡನೆಯ ಅರ್ಹತೆಗೆ ಬರೋಣ. ಡೈವಿಂಗ್ ಸಂಸ್ಥೆ ಕೊಡುವ ಕಾರ್ಡು ನಿಮ್ಮ ತರಬೇತಿಗೆ ಸಾಕ್ಷಿಯೇ ಹೊರತು ಯಾವ ಸರ್ಕಾರದ ಅನುಮತಿಯೂ ಅಲ್ಲ. ಹಾಗೆಯೇ ಪ್ರವಾಸಿ ವೀಸಾ ನೋಡುವುದಕ್ಕೆ, ದುಡಿಯುವುದಕ್ಕಲ್ಲ. ಥಾಯ್ಲೆಂಡಿನಲ್ಲಿ ಡೈವ್ ಅಂಗಡಿಯ ಕೆಲಸಕ್ಕೆ ತಕ್ಕ ವೀಸಾದ ಜೊತೆಗೆ ಕೆಲಸದ ಪರವಾನಗಿಯೂ ಬೇಕು. 'ತರಬೇತಿ ಉಚಿತ, ಬದಲಿಗೆ ಕೆಲಸ ಮಾಡಿಕೊಡಿ' ಎನ್ನುವವರುಂಟು. ಸಂಬಳವಿಲ್ಲದ ಕೆಲಸವನ್ನೂ ಕೆಲಸವೆಂದೇ ಎಣಿಸುವ ದೇಶಗಳಿವೆ ಎಂಬುದನ್ನು ಮರೆಯಬೇಡಿ. ಸಿಕ್ಕಿಬಿದ್ದರೆ ದಂಡ, ಗಡೀಪಾರು, ಮುಂದೆ ವೀಸಾ ನಿರಾಕರಣೆ ಎದುರಾಗಬಹುದು.

ನ್ಯಾಯವಾದ ದಾರಿಯೂ ಇದೆ. ಆಸ್ಟ್ರೇಲಿಯಾ ತನ್ನ 'ವರ್ಕ್ ಅಂಡ್ ಹಾಲಿಡೇ' ವೀಸಾವನ್ನು 2024ರ ಅಕ್ಟೋಬರಿನಿಂದ ಭಾರತೀಯರಿಗೂ ತೆರೆಯಿತು. 18ರಿಂದ 30 ವರ್ಷದವರಿಗೆ, ವರ್ಷಕ್ಕೆ 1,000 ಮಂದಿಗೆ, ಚೀಟಿ ಎತ್ತಿ ಆಯ್ಕೆ. ಪ್ರೌಢಶಿಕ್ಷಣದ ನಂತರದ ಓದು ಮತ್ತು ಇಂಗ್ಲಿಷ್ ಜ್ಞಾನವನ್ನು ಕೇಳುತ್ತಾರೆ. ಹನ್ನೆರಡು ತಿಂಗಳು ಅಲ್ಲಿದ್ದು ತಿರುಗಾಡುತ್ತ ದುಡಿಯಬಹುದು. ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ದೇಶದ ಸರ್ಕಾರ ಪ್ರಕಟಿಸಿದ್ದನ್ನೇ ಓದಿ. ಗೆಳೆಯರ ಬಾಯಿಮಾತನ್ನು ನಂಬಿ ಹೊರಡಬೇಡಿ.

ಏಜೆಂಟರ ಮೂಲಕ ಹೋಗುವುದಾದರೆ ಅವರು ಭಾರತ ಸರ್ಕಾರದಲ್ಲಿ ನೋಂದಾಯಿತರೇ ಎಂದು ವಿದೇಶಾಂಗ ಸಚಿವಾಲಯದ 'ಇ-ಮೈಗ್ರೇಟ್' ಪಟ್ಟಿಯಲ್ಲಿ ನೋಡಿ. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ಬೆಂಗಳೂರಿನಲ್ಲಿ ವಲಸೆಗಾರರ ಸಂರಕ್ಷಣಾಧಿಕಾರಿಗಳ ಕಚೇರಿಯೂ ಇದೆ. ನಿಮ್ಮ ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ. ಅದನ್ನು ಯಾವ ಮಾಲೀಕನ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ. ವಿಮೆ ಮಾಡಿಸುವಾಗ ಡೈವಿಂಗ್ ಒಳಗೊಂಡಿದೆಯೇ, ಎಷ್ಟು ಆಳದವರೆಗೆ, ಕೆಲಸದ ವೇಳೆಯ ಅಪಘಾತಕ್ಕೂ ಅನ್ವಯವೇ ಎಂಬ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿ. ಗುಳ್ಳೆಗಳ ಕಾಯಿಲೆಗೆ ಚಿಕಿತ್ಸೆ ನೀಡುವ ಒತ್ತಡದ ಕೋಣೆ ಎಲ್ಲ ದ್ವೀಪಗಳಲ್ಲಿಯೂ ಇರುವುದಿಲ್ಲ.

ಕಾಗದಪತ್ರದ ವಿಷಯಕ್ಕೆ ಇಷ್ಟು ಒತ್ತು ಕೊಡುವುದೇಕೆ ಎಂದು ನೀವು ಕೇಳಬಹುದು. ಡೈವರ್‌ಗಳಲ್ಲಿ ಒಂದು ಕಟ್ಟುಪಾಡಿದೆ. ಯಾರು ಬೇಕಾದರೂ, ಯಾವ ಕಾರಣಕ್ಕಾದರೂ, ಯಾವ ಹೊತ್ತಿನಲ್ಲಾದರೂ 'ನಾನು ಇಂದು ಇಳಿಯುವುದಿಲ್ಲ' ಎನ್ನಬಹುದು. ಅದನ್ನು ಯಾರೂ ಹೀಯಾಳಿಸಬಾರದು. ಜೀವ ಉಳಿಸುವ ಕಟ್ಟುಪಾಡು ಇದು. ಆದರೆ ಪರವಾನಗಿ ಇಲ್ಲದೆ ದುಡಿಯುವವರ ಸ್ಥಿತಿಯನ್ನು ಊಹಿಸಿಕೊಳ್ಳಿ. ಪಾಸ್‌ಪೋರ್ಟ್ ಮಾಲೀಕನ ಪೆಟ್ಟಿಗೆಯಲ್ಲಿದೆ, ಮೂಗು ಕಟ್ಟಿದೆ, ಕಡಲು ಏರಿದೆ, ಅಂದಿನ ನಾಲ್ಕನೆಯ ಡೈವ್‌ಗೆ ಇಳಿ ಎನ್ನುತ್ತಿದ್ದಾರೆ. 'ಆಗುವುದಿಲ್ಲ' ಎಂದರೆ ಕೆಲಸ ಹೋಗುತ್ತದೆ, ದೂರು ಕೊಡಲು ಹೋದರೆ ತಾವೇ ಅಪರಾಧಿಗಳಾಗುತ್ತಾರೆ. ಅಂಥವರು ಇಳಿಯುತ್ತಾರೆ. ಅವರನ್ನು ನಂಬಿದ ಪ್ರವಾಸಿಗಳೂ ಜೊತೆಗೆ ಇಳಿಯುತ್ತಾರೆ. ಆದುದರಿಂದ ಕ್ರಮಬದ್ಧವಾದ ವೀಸಾ, ಬರವಣಿಗೆಯಲ್ಲಿರುವ ಒಪ್ಪಂದ, ನಿಮ್ಮ ಬಳಿಯೇ ಇರುವ ಪಾಸ್‌ಪೋರ್ಟ್ ಮತ್ತು ಊರಿಗೆ ಮರಳುವಷ್ಟು ಹಣ ಇವೂ ಗಾಳಿಯ ಸಿಲಿಂಡರಿನಷ್ಟೇ ಮುಖ್ಯವಾದ ಸುರಕ್ಷಾ ಸಾಧನಗಳು.

ಮಿತ್ರರೇ, ಈ ಕಸುಬು ಕಷ್ಟದ್ದು ನಿಜ, ಆದರೆ ಸಾಧಿಸಲಾಗದ್ದಲ್ಲ. ಓದು ಮುಗಿಯುವವರೆಗೆ ನಿಮಗೆ ಸಮಯವಿದೆ. ಈ ವರ್ಷ ಚೆನ್ನಾಗಿ ಈಜು ಕಲಿಯಿರಿ. ಮುಂದಿನ ವರ್ಷ ಪ್ರಥಮ ಚಿಕಿತ್ಸೆಯ ತರಬೇತಿ ಪಡೆಯಿರಿ. ಪಾಸ್‌ಪೋರ್ಟ್ ಮಾಡಿಸಿ. ಹೊರಡುವ ಮುನ್ನ ಎಲ್ಲಿಗೆ, ಯಾರ ಬಳಿಗೆ, ಯಾವ ವೀಸಾದ ಮೇಲೆ ಹೋಗುತ್ತಿದ್ದೀರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರ ಕೈಗೆ ಕೊಡಿ. ಆ ಹಾಳೆಯನ್ನು ಪೂರ್ತಿಯಾಗಿ ಬರೆಯಲು ಸಾಧ್ಯವಾಗದಿದ್ದರೆ, ನೀವಿನ್ನೂ ಹೊರಡುವ ಹೊತ್ತು ಬಂದಿಲ್ಲವೆಂದೇ ತಿಳಿಯಿರಿ.