ಕ್ರೋಮಿನ ತುಕ್ಕು: ಉಜ್ಜುವ ಮೊದಲು ಒಂದು ಮಾತು

(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಹಬ್ಬದ ದಿನ ತುಕ್ಕಿನ ಮಾತು ಯಾಕೆ ಅಂತ ಕೆಲವರು ನಗಬಹುದು. ಹೊರಗೆ ನಿಲ್ಲಿಸಿರುವ ನಮ್ಮ ಗಾಡಿಗಳ ಹ್ಯಾಂಡಲ್, ಸೈಲೆನ್ಸರ್, ರಿಮ್ಮು ನೋಡಿಕೊಂಡು ಬನ್ನಿ, ಯಾಕೆ ಅಂತ ಗೊತ್ತಾಗುತ್ತದೆ.

1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮೊದಲು ಜಾವಾ, ಆಮೇಲೆ ಯೆಜ್ಡಿ ತಯಾರಾದವು. ನಮ್ಮ ಮನೆಗೂ ಒಂದು ಯೆಜ್ಡಿ ಬಂದಿತ್ತು. ಅದರ ಹ್ಯಾಂಡಲ್ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಎದ್ದಾಗ ನಾವು ಉಪ್ಪುಕಾಗದ ಹಿಡಿದು ಉಜ್ಜಿದೆವು. ಆವತ್ತು ಫಳಫಳ ಅಂತು. ಒಂದು ಮಳೆಗಾಲ ಕಳೆಯೋದರೊಳಗೆ ಚುಕ್ಕೆ ಇದ್ದ ಕಡೆ ಅಂಗೈಯಗಲ ತುಕ್ಕು! ನಾವು ತೆಗೆದದ್ದು ತುಕ್ಕನ್ನಲ್ಲ, ಕ್ರೋಮನ್ನೇ.

ಕ್ರೋಮಿಗೆ ತುಕ್ಕು ಹಿಡಿಯುವುದಿಲ್ಲ. ತುಕ್ಕು ಹಿಡಿಯುವುದು ಅದರ ಕೆಳಗಿನ ಕಬ್ಬಿಣಕ್ಕೆ. ಕಬ್ಬಿಣದ ಮೇಲೆ ನಿಕ್ಕಲ್, ಅದರ ಮೇಲೆ ಕ್ರೋಮ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಆ ಹೊಳಪಿನ ಪದರ ಸಾಮಾನ್ಯವಾಗಿ ಒಂದು ಪಾಲಿನಷ್ಟೂ ಇರುವುದಿಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ. ಅಲ್ಲಿಂದ ನೀರು ಇಳಿದರೆ ತುಕ್ಕು ಮೇಲಕ್ಕೆ ಉಬ್ಬಿ ಬರ್ತದೆ.

ನಮ್ಮ ಕಡೆ ಇನ್ನೊಂದು ಶತ್ರು ಇದೆ. ಹೊಗೆಸೊಪ್ಪಿಗೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹಾಕಬಾರದು, ಅದರ ಕ್ಲೋರೈಡ್ ಸೊಪ್ಪನ್ನು ಕೆಡಿಸ್ತದೆ ಅಂತ ಬೆಳೆಗಾರರಿಗೆಲ್ಲ ಗೊತ್ತು. ಅದೇ ಕ್ಲೋರೈಡ್ ಕ್ರೋಮಿಗೂ ಆಗುವುದಿಲ್ಲ. ಭತ್ತಕ್ಕೆ ಅಂತ ಇದೇ ಸಂಘದಿಂದ ಮೂಟೆ ಹೇರಿಕೊಂಡು ಹೋಗ್ತೇವೆ, ಚೆಲ್ಲಿದ ಪುಡಿಯನ್ನು ತೊಳೆಯುವುದಿಲ್ಲ. ಮಂಜಿನ ನೀರು ತಾಗಿದರೆ ಅದು ಅಲ್ಲೇ ಕರಗಿ ಕೆಲಸ ಶುರು ಮಾಡ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಸೋಪು ನೀರಿನಲ್ಲಿ ಮಣ್ಣೆಲ್ಲ ಹೋಗುವಂತೆ ತೊಳೆಯಿರಿ, ಮಣ್ಣಿನ ಮರಳೇ ಗೀರು ಹಾಕುತ್ತದೆ. ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ಒಂದು ತುಂಡು ಸಾಕು. ಉಂಡೆ ಮಾಡಿ, ನೀರಿನಲ್ಲಿ ಅದ್ದಿ, ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗಿನದು, ತುಕ್ಕು ಹೋಗುತ್ತದೆ, ಕ್ರೋಮ್ ಉಳಿಯುತ್ತದೆ. ಕಪ್ಪು ಕೆಸರು ಬಂದರೆ ಒರೆಸಿ, ಮತ್ತೆ ಅದ್ದಿ. ಕೊನೆಗೆ ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಒಣಗಿಸಿ, ತೆಳ್ಳಗೆ ವ್ಯಾಕ್ಸ್ ಅಥವಾ ವ್ಯಾಸಲೀನ್ ಸವರಿ. ಸೈಕಲ್ಲಿನ ಬ್ರೇಕು ರಿಮ್ಮಿಗೆ ತಾಗುವ ಜಾಗಕ್ಕೆ ಮಾತ್ರ ಸವರಬೇಡಿ, ಬ್ರೇಕು ಜಾರುತ್ತದೆ.

ಉಪ್ಪುಕಾಗದ, ಇಟ್ಟಿಗೆ ಪುಡಿ, ಬೂದಿ ಬೇಡ. ಕಕ್ಕಸು ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ, ಅದು ಕ್ರೋಮನ್ನೇ ಕರಗಿಸುತ್ತದೆ. ಹೊಸ ಗಾಡಿಗಳಲ್ಲಿ ಹೊಳೆಯುವುದೆಲ್ಲ ಕಬ್ಬಿಣವಲ್ಲ, ಪ್ಲಾಸ್ಟಿಕ್ ಕೂಡ ಇದೆ. ಅಯಸ್ಕಾಂತ ಅಂಟದಿದ್ದರೆ ಹಾಳೆ ಹಿಡಿದು ಉಜ್ಜಲು ಹೋಗಬೇಡಿ. ಸೈಲೆನ್ಸರ್ ಮೇಲಿನ ನೀಲಿ ಬಣ್ಣ ಶಾಖದ್ದು, ತುಕ್ಕಲ್ಲ. ಮನೆಯ ನಲ್ಲಿ ಹೆಚ್ಚಾಗಿ ಹಿತ್ತಾಳೆಯ ಮೇಲೆ ಕ್ರೋಮ್ ಹಾಕಿದ್ದು. ಅದರ ಬಿಳಿ ಕಲೆ ಗಡಸು ನೀರಿನ ಸುಣ್ಣ. ನಿಂಬೆಹಣ್ಣಿನ ಹೋಳು ಸವರಿ, ಸ್ವಲ್ಪ ಹೊತ್ತಿನಲ್ಲೇ ತೊಳೆದರೆ ಸಾಕು.

ಕೊನೆಯದಾಗಿ, ಉಗುರು ಆಡಿಸಿ ನೋಡಿ. ಗುಳಿ ಸಿಕ್ಕಿದರೆ, ಪದರ ಎದ್ದು ಬರುತ್ತಿದ್ದರೆ, ಅಲ್ಲಿಗೆ ನಿಲ್ಲಿಸಿ. ಅದಕ್ಕೆ ಹೊಸದಾಗಿ ಕ್ರೋಮ್ ಹಾಕಿಸುವುದೊಂದೇ ದಾರಿ. ತುಕ್ಕು ತಿಂದ ಸ್ಪೋಕು, ಬ್ರೇಕಿನ ಕಡ್ಡಿಗೆ ಹೊಳಪು ಕೊಟ್ಟು ಸಮಾಧಾನ ಪಡಬೇಡಿ, ಬದಲಾಯಿಸಿ. ಹಿಂದೆ ಕೂರುವುದು ನಮ್ಮ ಹೆಂಡತಿ ಮಕ್ಕಳೇ ಅಲ್ಲವೇ?

ಸಾಲವಾಗಲಿ, ತುಕ್ಕಾಗಲಿ, ಚಿಕ್ಕದಿದ್ದಾಗ ಗಮನಿಸಿದರೆ ಮನೆ ಉಳಿಯುತ್ತದೆ. ಇಪ್ಪತ್ತೈದು ವರ್ಷ ಸಂಘ ನಮಗೆ ಕಲಿಸಿದ್ದೂ ಇದನ್ನೇ. ಇಂದು ಮನೆಗೆ ಹೋಗಿ ಗಾಡಿಗೆ ಒಂದು ಬಕೆಟ್ ನೀರು ಹಾಕಿ. ಅಷ್ಟು ಮಾಡಿದರೆ ನಮ್ಮ ಮಾತು ಸಾರ್ಥಕ.