ಕಾದಂಬರಿಯಲ್ಲಿ ರೂಪವರ್ಣನೆ

ಕಾದಂಬರಿಗಳನ್ನು ಓದುವವರೆಲ್ಲರಿಗೂ ಒಂದು ಸಂದರ್ಭವು ಪರಿಚಿತವಾಗಿರಬಹುದು. ನಾಯಿಕೆಯು ಮೊದಲನೆಯ ಸಲ ಕಾಣಿಸಿಕೊಳ್ಳುತ್ತಾಳೆ. ಕೂಡಲೆ ಕಥೆಯು ನಿಂತುಹೋಗುತ್ತದೆ. ಮುಂಗುರುಳು, ಹುಬ್ಬು, ಕಣ್ಣು, ಮೂಗು ಎಂದು ವರ್ಣನೆಯು ಇಳಿಯುತ್ತ ಕಾಲಂದುಗೆಯನ್ನು ಮುಟ್ಟುವ ವೇಳೆಗೆ, ಓದುಗನು ಎರಡು ಹಾಳೆಗಳನ್ನು ಮಗುಚಿ ಕಥೆಯನ್ನು ಹುಡುಕಿಕೊಂಡು ಹೊರಟಿರುತ್ತಾನೆ. ಹಾಗಾದರೆ ಪಾತ್ರಗಳ ರೂಪವನ್ನು ಎಷ್ಟರಮಟ್ಟಿಗೆ ವರ್ಣಿಸಬೇಕು?

ನಮ್ಮ ಹಿಂದಿನ ಕವಿಗಳಿಗೆ ಇದೊಂದು ಸಮಸ್ಯೆಯಾಗಿರಲಿಲ್ಲ. ಮನುಷ್ಯರನ್ನು ಮುಡಿಯಿಂದ ಅಡಿಯವರೆಗೆ, ದೇವತೆಗಳನ್ನು ಅಡಿಯಿಂದ ಮುಡಿಯವರೆಗೆ ವರ್ಣಿಸುವುದು ಸಂಪ್ರದಾಯವಾಗಿತ್ತು. ಆ ವರ್ಣನೆಯ ಸೊಗಸು ಛಂದಸ್ಸಿನಲ್ಲಿಯೂ ಅಲಂಕಾರದಲ್ಲಿಯೂ ಇತ್ತು. ಕೇಳುವವರಿಗೆ ಕಥೆಯು ಮೊದಲೇ ತಿಳಿದಿರುತ್ತಿದ್ದುದರಿಂದ ಅವಸರವೂ ಇರಲಿಲ್ಲ. ಗದ್ಯ ಕಾದಂಬರಿಗೆ ಈ ಎರಡು ಅನುಕೂಲಗಳೂ ಇಲ್ಲ.

ಜರ್ಮನ್ ವಿಮರ್ಶಕನಾದ ಲೆಸಿಂಗನು 1766ರಲ್ಲಿ ಪ್ರಕಟಿಸಿದ ‘ಲಾವೊಕೂನ್’ ಎಂಬ ಗ್ರಂಥದಲ್ಲಿ ಈ ವಿಷಯವನ್ನು ವಿಚಾರಮಾಡಿದ್ದಾನೆ. ಚಿತ್ರಕಾರನು ಮುಖವನ್ನು ಒಮ್ಮೆಗೇ ತೋರಿಸಬಲ್ಲನು. ಕವಿಯಾದರೋ ಒಂದೊಂದು ಅವಯವವನ್ನೂ ಒಂದಾದಮೇಲೊಂದಾಗಿ ಹೇಳಬೇಕು. ಮೂಗಿನ ವರ್ಣನೆ ಬರುವಷ್ಟರಲ್ಲಿ ಹುಬ್ಬು ಮರೆತುಹೋಗಿರುತ್ತದೆ. ಹೋಮರನು ಇದನ್ನು ಬಲ್ಲವನಾಗಿದ್ದನೆಂದು ಲೆಸಿಂಗನ ಅಭಿಪ್ರಾಯ. ‘ಇಲಿಯಡ್’ ಕಾವ್ಯದಲ್ಲಿ ಹೆಲೆನಳ ಕಣ್ಣು ಮೂಗುಗಳ ಲೆಕ್ಕವಿಲ್ಲ. ಟ್ರಾಯ್ ಪಟ್ಟಣದ ಕೋಟೆಯ ಮೇಲೆ ಕುಳಿತ ವೃದ್ಧರು, ಅವಳಿಂದಲೇ ಒದಗಿದ ಯುದ್ಧದಲ್ಲಿ ನೊಂದಿದ್ದರೂ, ಅವಳನ್ನು ಕಂಡು ತಲೆದೂಗುತ್ತಾರೆ. ಅವಳ ಚೆಲುವು ಎಂಥದೆಂದು ತಿಳಿಯಲು ಅಷ್ಟೇ ಸಾಕು.

ಹಾಗೆಂದು ರೂಪದ ಮಾತೇ ಬೇಡವೆನ್ನಲಾಗದು. ಟಾಲ್‌ಸ್ಟಾಯ್ ಮಹಾಶಯನ ‘ಯುದ್ಧ ಮತ್ತು ಶಾಂತಿ’ಯಲ್ಲಿ ಚಿಕ್ಕ ರಾಜಕುಮಾರಿಯ ಮೇಲ್ದುಟಿಯು ತುಸು ಗಿಡ್ಡ; ಅದರ ಮೇಲೆ ನಸುಗಪ್ಪು ರೋಮ. ಈ ಒಂದು ಲಕ್ಷಣವನ್ನೇ ಗ್ರಂಥಕರ್ತನು ಮತ್ತೆ ಮತ್ತೆ ನೆನಪಿಗೆ ತರುತ್ತಾನೆ. ಆಕೆ ಹೆರಿಗೆಯಲ್ಲಿ ಮಡಿದಾಗ ಅದೇ ಮುಖ, ಅದೇ ತುಟಿ ಕಾಣುತ್ತದೆ. ಓದುಗನ ಎದೆ ಬಿರಿಯುತ್ತದೆ. 1847ರಲ್ಲಿ ಹೊರಬಂದ ಷಾರ್ಲೆಟ್ ಬ್ರಾಂಟಿಯ ‘ಜೇನ್ ಐರ್’ ಕಾದಂಬರಿಯಲ್ಲಿ ನಾಯಿಕೆಯು ಚೆಲುವೆಯಲ್ಲ. ಗಿಡ್ಡಾದ, ಸಾಧಾರಣ ರೂಪಿನ ಹೆಂಗಸು. ಇದನ್ನು ಆಕೆ ತಾನೇ ಬಲ್ಲಳು. ಆ ಅರಿವೇ ಅವಳ ಸ್ವಾಭಿಮಾನಕ್ಕೆ ಹರಿತವನ್ನು ಕೊಟ್ಟಿದೆ. ಇಂಥ ರೂಪವು ಒಡವೆಯಲ್ಲ, ಕಥೆಯ ಅಂಗ.

ಇದು ಕೇವಲ ಶೈಲಿಯ ಪ್ರಶ್ನೆಯೂ ಅಲ್ಲ. ಒಳ್ಳೆಯವರೆಲ್ಲ ಬೆಳ್ಳಗೆ, ಕೆಟ್ಟವರೆಲ್ಲ ಕಪ್ಪಗೆ, ಮೆಳ್ಳಗಣ್ಣಿನವರು ಎಂದು ಪುಸ್ತಕದಮೇಲೆ ಪುಸ್ತಕವು ಹೇಳುತ್ತ ಬಂದರೆ, ಓದುಗನು ಮುಖವನ್ನು ನೋಡಿ ಗುಣವನ್ನು ನಿರ್ಣಯಿಸುವುದನ್ನು ಕಲಿಯುತ್ತಾನೆ. ಹೆಣ್ಣು ನೋಡಲು ಬಂದವರ ಮುಂದೆ ತಲೆತಗ್ಗಿಸಿ ಕುಳಿತ ಹುಡುಗಿಯು ಇದರ ಫಲವನ್ನು ಅನುಭವಿಸಬೇಕಾಗುತ್ತದೆ. ಬಣ್ಣ ಎಂಥದು, ಮೂಗು ಎಂಥದು ಎಂದು ಅಲ್ಲಿ ಎಣಿಸುವ ಕಣ್ಣಿಗೆ ಕಾದಂಬರಿಕಾರನೂ ಸಾಣೆಹಿಡಿದಂತಾಗುವುದಿಲ್ಲವೆ?

ಮಹಾಭಾರತದ ನಳೋಪಾಖ್ಯಾನವು ಬೇರೊಂದು ದಾರಿಯನ್ನು ತೋರಿಸಿದೆ. ಕಾರ್ಕೋಟಕನು ಕಚ್ಚಿದ ಮೇಲೆ ನಳನು ವಿರೂಪನಾಗಿ, ಬಾಹುಕನೆಂಬ ಹೆಸರಿನಿಂದ ಬಾಳುತ್ತಾನೆ. ದಮಯಂತಿಯು ಅವನನ್ನು ಗುರುತಿಸಿದ್ದು ರೂಪದಿಂದಲ್ಲ. ಅವನು ಮಾಡಿದ ಅಡಿಗೆಯ ರುಚಿಯಿಂದ, ಮಕ್ಕಳನ್ನು ಕಂಡೊಡನೆ ಅವನ ಕಣ್ಣಿನಲ್ಲಿ ತುಂಬಿದ ನೀರಿನಿಂದ.

ಆದುದರಿಂದ ಕಥೆಗಾರನು ಮುಖದಲ್ಲಿ ಕಥೆಗೆ ಬೇಕಾದ ಒಂದೆರಡು ಗೆರೆಗಳನ್ನು ಮಾತ್ರ ಎಳೆಯಲಿ. ಮಿಕ್ಕುದನ್ನು ಓದುಗನು ತಾನು ಬಲ್ಲವರ, ತಾನು ಪ್ರೀತಿಸಿದವರ ಮುಖಗಳಿಂದ ತುಂಬಿಕೊಳ್ಳುತ್ತಾನೆ.