ಇಡ್ಲಿಯ ಯಂತ್ರವೂ ಅಡಿಕೆ ಮರದ ಬೈಕೂ

(ಚೆನ್ನೈಯಲ್ಲಿ ನಡೆದ ಸಂಘದ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸು, ವಸತಿ ಇವುಗಳ ವಿಚಾರವಾಗಿ ನಮಗಿಂತ ಮುಂಚೆ ಮಾತನಾಡಿದವರು ಹೇಳಬೇಕಾದ್ದನ್ನೆಲ್ಲ ಹೇಳಿ ಕುಳಿತಿದ್ದಾರೆ. ನಮಗೆ ಒಪ್ಪಿಸಿರುವ ವಿಷಯ ಸ್ವಲ್ಪ ಬೇರೆ. ರಾತ್ರಿ ಹೋಟೆಲಿನ ಬಾಗಿಲು ಹಾಕಿ, ಪಾತ್ರೆ ತೊಳೆದು ಕವುಚಿ, ಕೋಣೆಗೆ ಹೋಗಿ ಚಾಪೆ ಹಾಸಿದ ಮೇಲೆ ನಮ್ಮ ಹುಡುಗರು ಮೊಬೈಲಿನಲ್ಲಿ ನೋಡುತ್ತಾರಲ್ಲ, ಅದರ ವಿಚಾರ. ಸಿನಿಮಾ ನೋಡುವವರಿದ್ದಾರೆ, ಕ್ರಿಕೆಟ್ಟು ನೋಡುವವರಿದ್ದಾರೆ. ಆದರೆ ಕೆಲವು ಕೋಣೆಗಳಲ್ಲಿ ಬೇರೊಂದು ನೋಟ ನಡೆಯುತ್ತಿರುತ್ತದೆ. ಒಬ್ಬರು ಬೈಕಿನಂಥದ್ದರ ಮೇಲೆ ಕುಳಿತು ಸರ್ರನೆ ಅಡಿಕೆ ಮರ ಏರುತ್ತಾರೆ. ಇನ್ನೊಂದು ಕಡೆ ಪೆಟ್ಟಿಗೆಯ ಮುಂದೆ ನಿಂತು ಮೊಬೈಲಿನಲ್ಲೇ ಹಣ ಕಟ್ಟಿದರೆ ಬಿಸಿ ಇಡ್ಲಿ ಹೊರಗೆ ಬರುತ್ತದೆ. ಹುಡುಗರು ಒಂದನ್ನೇ ನಾಲ್ಕು ಸಲ ನೋಡಿ ನಗುತ್ತಾರೆ. ದೊಡ್ಡವರು ಗದರುತ್ತಾರೆ: "ಬೆಳಿಗ್ಗೆ ನಾಲ್ಕಕ್ಕೆ ಏಳ್ಬೇಕು, ಆ ಹುಚ್ಚಾಟ ಮುಚ್ಚಿ ಮಲಗ್ರೋ!"

ಈ ವ್ಯಾಜ್ಯದಲ್ಲಿ ನಾವು ಹುಡುಗರ ಪಕ್ಷ. ಆದರೆ ನೋಡುವುದಾದರೆ ಕೆಲಸಗಾರರ ಕಣ್ಣಿನಿಂದ ನೋಡಬೇಕು. ಈ ಯಂತ್ರ ಯಾರ ಮೈನೋವಿನಿಂದ ಹುಟ್ಟಿತು? ಯಾರ ಕೈ ಬಿಡಿಸಿತು? ಬಿಡುವಾದ ಆ ಕೈಗೆ ಮುಂದೆ ಏನು ಗತಿ? ಈ ಪ್ರಶ್ನೆಗಳನ್ನು ಕೇಳುತ್ತ ನೋಡಿದರೆ ಅದು ಹುಚ್ಚಾಟವಲ್ಲ, ಪಾಠ.

ನಮ್ಮ ಹೋಟೆಲುಗಳ ಕಥೆ ಒರಳುಕಲ್ಲಿನಿಂದ ಶುರುವಾಗುತ್ತದೆ. ಹಿಂದಿನ ತಲೆಮಾರಿನಲ್ಲಿ ಉಡುಪಿ, ಕುಂದಾಪುರದ ಕಡೆಯಿಂದ ಮದರಾಸಿಗೆ ರೈಲು ಹತ್ತಿ ಬಂದ ಹುಡುಗರು ಎಷ್ಟೋ ಮಂದಿ ಮೊದಲು ಕುಳಿತದ್ದು ಕಲ್ಲಿನ ಮುಂದೆ. 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕಡಂದಲೆ ಕೃಷ್ಣರಾಯರೂ ಅಡುಗೆಮನೆಯ ಚಾಕರಿಯಿಂದಲೇ ಮೇಲೆ ಬಂದವರು. ಸೇರುಗಟ್ಟಲೆ ಅಕ್ಕಿ, ಉದ್ದು ರುಬ್ಬಿದವರ ಬಲಭುಜ ಎಡಭುಜಕ್ಕಿಂತ ದಪ್ಪಗಿರುತ್ತಿತ್ತೆಂದು ಹಿರಿಯರು ಹೇಳುವುದುಂಟು. ಭುಜ ದಪ್ಪವಾದರೆ ಸಾಲದು, ರಾತ್ರಿ ಅದೇ ಭುಜ ನಿದ್ದೆಗೆಡಿಸುತ್ತಿತ್ತು.

ಕೊಯಮತ್ತೂರಿನಲ್ಲಿ ಪಿ. ಸಭಾಪತಿ ಎಂಬವರು 1955ರಲ್ಲಿ ವಿದ್ಯುತ್ತಿನಿಂದ ರುಬ್ಬುವ ಯಂತ್ರ ಮಾಡಿದರು. ಮುಂದೆ ಆ ಊರು ಗ್ರೈಂಡರಿಗೇ ಹೆಸರಾಯಿತು. ಕೊಯಮತ್ತೂರು ಗ್ರೈಂಡರಿಗೆ ಸರಕಾರದ ಭೌಗೋಳಿಕ ಗುರುತೂ ಸಿಕ್ಕಿದೆ. ಇದರಲ್ಲಿ ನಾವು ದಿನಾ ಕಂಡೂ ಗಮನಿಸದ ಒಂದು ಜಾಣತನವಿದೆ. ಕೈ ಒರಳಿನಲ್ಲಿ ಒರಳು ಅಲುಗದೆ ಕೂತಿರುತ್ತದೆ, ಗುಂಡುಕಲ್ಲು ಸುತ್ತುತ್ತದೆ. ಹೋಟೆಲಿನ ಗ್ರೈಂಡರಿನಲ್ಲಿ ಇದು ತಿರುಗುಮುರುಗು. ಒರಳೇ ತಿರುಗುತ್ತದೆ, ಗುಂಡು ಒಂದು ಹಿಡಿಕೆಗೆ ಸಿಕ್ಕಿ ಇದ್ದಲ್ಲೇ ಇರುತ್ತದೆ. ಏಕೆ? ಅಷ್ಟು ಭಾರದ ಒರಳನ್ನು ತಿರುಗಿಸಲು ಮನುಷ್ಯನ ತೋಳಿಗೆ ಆಗದು, ಆದ್ದರಿಂದ ನಮ್ಮ ಅಜ್ಜಿಯರು ಗುಂಡು ತಿರುಗಿಸಿದರು. ಮೋಟರಿಗೆ ಆ ಕಷ್ಟವಿಲ್ಲ. ಅದನ್ನು ಕೆಳಗಿಟ್ಟು, ಬೆಲ್ಟು ಹಾಕಿ ಒರಳನ್ನೇ ತಿರುಗಿಸಿದರೆ ಮೇಲಿನ ಬಾಯಿ ತೆರೆದಿರುತ್ತದೆ; ನೀರು ಹುಯ್ಯಬಹುದು, ಹಿಟ್ಟಿನ ನುಣುಪು ನೋಡಬಹುದು. ನಿಧಾನ ತಿರುಗುವುದರಿಂದ ಹಿಟ್ಟು ಬಿಸಿಯಾಗುವುದಿಲ್ಲ. ಕೈ ಮಾಡುವುದನ್ನು ನೋಡಿ ಹಾಗೆಯೇ ಮಾಡುವ ಕಬ್ಬಿಣದ ಕೈಯನ್ನು ಕಟ್ಟಲು ಹೋಗಿದ್ದರೆ ಇದು ಆಗುತ್ತಿರಲಿಲ್ಲ.

ಅಡಿಕೆ ಮರದ ಬೈಕಿನಲ್ಲೂ ಇದೇ ಜಾಣತನ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೋಮಲೆ ಗಣಪತಿ ಭಟ್ಟರು ಅಡಿಕೆ ಬೆಳೆಗಾರರು. 2014ರ ಹೊತ್ತಿಗೆ ಕೆಲಸ ಶುರುಮಾಡಿ, ಒಬ್ಬ ಎಂಜಿನಿಯರರ ಜೊತೆ ಸೇರಿ ವರ್ಷಗಟ್ಟಲೆ ಮಾಡಿ ಕೆಡಿಸಿ ಮಾಡಿ, ಕೊನೆಗೆ ಪೆಟ್ರೋಲಿನ ಸಣ್ಣ ಎಂಜಿನ್ನಿನ ಒಂದು ವಾಹನ ನಿಲ್ಲಿಸಿದರು. 2019ರಲ್ಲಿ ಅದರ ವೀಡಿಯೋ ಊರೂರು ತಿರುಗಿತು. ಅದರ ತೂಕ 28 ಕಿಲೋ. ಮನುಷ್ಯ ಮರ ಹತ್ತುವಾಗ ಅಪ್ಪಿಕೊಂಡು ಕಾಲಿಗೆ ತಳೆ ಹಾಕಿ ಹತ್ತುತ್ತಾನೆ. ಬೈಕಿಗೆ ತೋಳಿಲ್ಲ, ತಳೆಯೂ ಇಲ್ಲ. ಚಕ್ರಗಳು ಕಾಂಡವನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುತ್ತವೆ. ಸವಾರನ ಭಾರವೇ ಆ ಹಿಡಿತವನ್ನು ಬಿಗಿಮಾಡುತ್ತದೆ.

ದಕ್ಷಿಣ ಕನ್ನಡದವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಮದ್ದು ಬಿಡಬೇಕಾದ್ದು ಮಳೆಗಾಲದಲ್ಲೇ. ಮರ ಪಾಚಿಗಟ್ಟಿ ಜಾರುವುದೂ ಮಳೆಗಾಲದಲ್ಲೇ. ಬಿದ್ದು ಸೊಂಟ ಮುರಿದುಕೊಂಡವರನ್ನು ನಮ್ಮಲ್ಲಿ ಅನೇಕರು ಊರಿನಲ್ಲಿ ಕಂಡಿದ್ದೇವೆ. ಮರ ಹತ್ತುವ ಆಳು ಸಿಗುವುದಿಲ್ಲವೆಂದು ತೋಟದವರು ಗೋಳಿಡುತ್ತಾರೆ. ಏಕೆ ಸಿಗುವುದಿಲ್ಲ? ಹತ್ತಬೇಕಾದ ಹುಡುಗರಲ್ಲಿ ಎಷ್ಟೋ ಮಂದಿ ಇಲ್ಲಿ ಟಿ. ನಗರದಲ್ಲಿ, ಮೈಲಾಪುರದಲ್ಲಿ ಕಾಫಿ ಲೋಟ ಹಿಡಿದು ಓಡಾಡುತ್ತಿದ್ದಾರೆ! ನಾವು ಊರು ಬಿಟ್ಟೆವು, ಮರಕ್ಕೆ ಬೈಕು ಬಂತು. ನಾವು ಮರದಲ್ಲೇ ಇದ್ದು, ಸಿಕ್ಕಿದ ಕೂಲಿಗೆ ಜಾರುತ್ತ ಬೀಳುತ್ತ ಇದ್ದಿದ್ದರೆ ಆ ಬೈಕಿಗಾಗಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೆಂದೇ ನಮ್ಮ ಎಣಿಕೆ. ಅಗ್ಗದ ಕೈ ಇರುವ ತನಕ ಯಂತ್ರಕ್ಕೆ ಯಾರೂ ದುಡ್ಡು ಹಾಕುವುದಿಲ್ಲ.

ಧಾರವಾಡದ ಕಡೆಯವರು ಒಬ್ಬರ ಹೆಸರು ಹೇಳದಿದ್ದರೆ ನಮ್ಮನ್ನು ಬಿಡಲಾರರು. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು. ಬಿತ್ತುವ ಕೂರಿಗೆ, ಹುಣಸೆಯ ಬೀಜ ಬಿಡಿಸುವ ಯಂತ್ರ, ಹೀಗೆ ರೈತರಿಗೆ ಬೇಕಾದ ಅನೇಕ ಸಾಧನಗಳನ್ನು ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಅವರು ಮೊಟ್ಟಮೊದಲು ಮಾಡಿದ್ದು ಯಾವ ಯಂತ್ರ ಗೊತ್ತೇ? ಎಳೆವಯಸ್ಸಿನಲ್ಲಿ ಅವರಿಗೆ ಬೆಳಿಗ್ಗೆ ಎಚ್ಚರವಾಗುತ್ತಿರಲಿಲ್ಲ. ಅಲಾರಾಂ ಗಡಿಯಾರ ಬಾರಿಸುವಾಗ ಅದರ ಹಿಂದಿನ ಕೀಲಿ ತಿರುಗುತ್ತದೆಯಷ್ಟೆ? ಆ ಕೀಲಿಗೆ ಒಂದು ದಾರ ಕಟ್ಟಿದರು. ದಾರದ ಇನ್ನೊಂದು ತುದಿಯನ್ನು ನೀರು ತುಂಬಿದ ಬಾಟಲಿಗೆ ಕಟ್ಟಿದರು. ಗಂಟೆ ಬಾರಿಸಿತು, ಕೀಲಿ ತಿರುಗಿತು, ದಾರ ಎಳೆಯಿತು, ಬಾಟಲಿ ವಾಲಿತು, ನೀರು ಮುಖದ ಮೇಲೆ! (ಸಭೆಯಲ್ಲಿ ನಗು.) ನಗಬೇಡಿ, ನಮ್ಮ ಕೋಣೆಗಳಿಗೆ ಇದು ಒಂದೊಂದು ಬೇಕು. ಹುಣಸೆಯ ಯಂತ್ರವೂ ಇದೇ ತಲೆಯಿಂದ ಬಂದದ್ದು. ಆಟದಲ್ಲಿ ಕೈ ಪಳಗಿದವರೇ ಮುಂದೆ ಕೆಲಸಕ್ಕೆ ಬರುವುದನ್ನು ಮಾಡುತ್ತಾರೆ.

ಈಗ ನಮ್ಮ ಅನ್ನದ ವಿಷಯಕ್ಕೆ ಬರೋಣ. ಇಲ್ಲಿಯೇ ಪಕ್ಕದ ಕಾಟ್ಟಾಂಕುಳತ್ತೂರಿನ ಎಸ್.ಆರ್.ಎಂ. ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಈಶ್ವರ್ ವಿಕಾಸ್, ಸುದೀಪ್ ಸಾಬತ್ ಎಂಬ ಇಬ್ಬರು ವಿದ್ಯಾರ್ಥಿಗಳು ದೋಸೆ ಹುಯ್ಯುವ ಯಂತ್ರದ ಯೋಚನೆ ಮಾಡಿದರು. ಅದೇ ದೋಸಾಮ್ಯಾಟಿಕ್. ಅದಕ್ಕಾಗಿ ಬೆಂಗಳೂರಿನಲ್ಲಿ ಮುಕುಂದ ಫುಡ್ಸ್ ಎಂಬ ಕಂಪೆನಿಯೇ ಆಯಿತು. 2022ರಲ್ಲಿ ಬೆಂಗಳೂರಿನ ಇಡ್ಲಿ ಯಂತ್ರದ ವೀಡಿಯೋ ಬಂತು. ಶರಣ್ ಹಿರೇಮಠ ಅವರು, ಮಗಳಿಗೆ ಹುಷಾರಿಲ್ಲದ ಒಂದು ರಾತ್ರಿ ಎಲ್ಲಿಯೂ ಬಿಸಿ ಇಡ್ಲಿ ಸಿಗದೆ ಅಲೆದು, 2016ರಲ್ಲಿ ಇದರ ಯೋಚನೆಗೆ ಇಳಿದವರು. 12 ನಿಮಿಷಕ್ಕೆ 72 ಇಡ್ಲಿ ಬೇಯಿಸುತ್ತದೆಂದು ಆಗ ಪತ್ರಿಕೆಗಳು ಬರೆದವು. ತಂದೆಯ ಸಂಕಟ ದೊಡ್ಡದು, ನಾವು ಅದನ್ನು ಹಗುರ ಮಾಡುವುದಿಲ್ಲ. ಆದರೆ ಆ ವೀಡಿಯೋ ನೋಡಿದ ರಾತ್ರಿ ಒಬ್ಬ ಇಡ್ಲಿ ಭಟ್ಟರು ನಮ್ಮನ್ನು ಕೇಳಿದರು: "ಹಾಗಾದರೆ ನಾವು ಇನ್ನೆಷ್ಟು ದಿನ, ಮಾರಾಯ್ರೆ?"

ಈ ಪ್ರಶ್ನೆಗೆ ಹೌದು, ಅಲ್ಲ ಎಂದು ಒಂದೇ ಮಾತಿನ ಉತ್ತರವಿಲ್ಲ. ಮಿಲ್ಲಿನ ಸೋದರರಿಗೆ ಇದು ಹಳೆಯ ಪ್ರಶ್ನೆ. ಇಂಗ್ಲೆಂಡಿನ ಬೋಲ್ಟನ್ ಎಂಬ ಊರಿನಲ್ಲಿ ಸ್ಯಾಮ್ಯುಯೆಲ್ ಕ್ರಾಂಪ್ಟನ್ ಎಂಬ ನೂಲುವವನಿದ್ದ. ನೂಲು ಪದೇ ಪದೇ ಹರಿಯುವುದನ್ನು ತಾಳಲಾರದೆ, ನಾಟಕದ ಕೊಟ್ಟಿಗೆಯಲ್ಲಿ ಪಿಟೀಲು ಬಾರಿಸಿ ಬಂದ ಕಾಸಿನಿಂದ ಸಲಕರಣೆ ಕೊಂಡು, 1779ರಲ್ಲಿ ನೂಲುವ ಮ್ಯೂಲ್ ಯಂತ್ರವನ್ನು ಮುಗಿಸಿದ. ಮಿಲ್ಲಿನ ಧಣಿಗಳು "ಗುಟ್ಟು ಹೇಳು, ಎಲ್ಲರೂ ಸೇರಿ ಹಣ ಕೊಡುತ್ತೇವೆ" ಎಂದರು. ಅವನು ನಂಬಿ ಹೇಳಿದ. ಬಂದದ್ದು 60 ಪೌಂಡಿನ ಆಸುಪಾಸು. ಮುಂದೆ ಅವನೇ ಊರೂರು ಸುತ್ತಿ ಲೆಕ್ಕ ತೆಗೆದಾಗ ಅವನ ಯಂತ್ರದ ಕದಿರುಗಳು 40 ಲಕ್ಷಕ್ಕೂ ಮಿಕ್ಕಿ ತಿರುಗುತ್ತಿದ್ದವು. 1812ರಲ್ಲಿ ಪಾರ್ಲಿಮೆಂಟು 5000 ಪೌಂಡು ಕೊಟ್ಟು ಕೈತೊಳೆದುಕೊಂಡಿತು. ಯಂತ್ರ ಕಂಡುಹಿಡಿದವನೂ ಕೆಲಸಗಾರ, ಅದರಿಂದ ಕೆಲಸ ಕಳೆದುಕೊಂಡವರೂ ಕೆಲಸಗಾರರು. ಲಾಭ ಮಾತ್ರ ಮೂರನೆಯವನ ಪೆಟ್ಟಿಗೆಗೆ.

ನಮ್ಮ ಪೆರಂಬೂರಿನ ಬಕಿಂಗ್‌ಹ್ಯಾಂ, ಕರ್ನಾಟಿಕ್ ಮಿಲ್ಲುಗಳ ಕೆಲಸಗಾರರಿಂದಲೇ 1918ರಲ್ಲಿ ಮದರಾಸು ಕಾರ್ಮಿಕ ಸಂಘ ಎದ್ದಿತು. 1996ರಲ್ಲಿ ಆ ಮಿಲ್ಲುಗಳು ಮುಚ್ಚಿದವು. ಮಗ್ಗದ ಸದ್ದು ಕೇಳಿಯೇ ಯಾವ ಕಡ್ಡಿ ಸಡಿಲವೆಂದು ಹೇಳಬಲ್ಲ ಜನ ಅಲ್ಲಿದ್ದರು. ಅವರ ಕಿವಿಯಲ್ಲಿದ್ದ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲ, ಅದಕ್ಕೆ ಯಾರೂ ಬೆಲೆ ಕಟ್ಟಲಿಲ್ಲ.

ನಮ್ಮ ಭಟ್ಟರ ಕೈಯಲ್ಲಿರುವ ವಿದ್ಯೆಯೂ ಅಂಥದೇ. ಚಿತ್ತಿರೈ ಬಿಸಿಲಿನಲ್ಲಿ ಹಿಟ್ಟು ಬೇಗ ಹುಳಿ ಬರುತ್ತದೆ, ಮಾರ್ಗಳಿಯಲ್ಲಿ ತಡ. ಹೊಸ ಅಕ್ಕಿಗೆ ನೀರು ಕಡಿಮೆ. ಕಾವಲಿಗೆ ನೀರು ಚಿಮುಕಿಸಿ ಅದು ಚುಂಯ್ ಎನ್ನುವ ಸದ್ದಿನಲ್ಲಿ ಕಾವು ತಿಳಿಯುವುದು. ದೋಸೆ ಯಂತ್ರ ಮಾಡಿದವರು ಎಷ್ಟೇ ಓದಿರಲಿ, ಅದಕ್ಕೆ ಸುರಿಯುವ ಹಿಟ್ಟು ಸರಿಯಿಲ್ಲದಿದ್ದರೆ ದೋಸೆ ಏಳುವುದಿಲ್ಲ. ಆದ್ದರಿಂದ ಯಂತ್ರ ಬಂದ ಹೋಟೆಲಿನಲ್ಲಿ ಅದನ್ನು ನಡೆಸುವ ಕೆಲಸ ಮೊದಲು ಆ ಅಡುಗೆಮನೆಯವರಿಗೇ ಸಿಗಬೇಕು, ಕಲಿಯುವ ದಿನಗಳಿಗೂ ಸಂಬಳ ಬೇಕು, ಕಲಿತ ಮೇಲೆ ಹೆಚ್ಚಿನ ಸಂಬಳ ಬೇಕು ಎಂಬುದು ನಮ್ಮ ಮಾತು. ಇದು ಭಿಕ್ಷೆಯಲ್ಲ. ಯಂತ್ರ ತಂದು ಆಳು ಕಡಿಮೆ ಮಾಡುವ ಹಾಗಿದ್ದರೆ 21 ದಿನ ಮುಂಚೆ ನೋಟೀಸು ಕೊಡಬೇಕೆಂದು ಹಳೆಯ ಕೈಗಾರಿಕಾ ವಿವಾದ ಕಾಯ್ದೆಗೆ 1956ರಲ್ಲೇ 9-ಎ ಕಲಮು ಸೇರಿಸಿದ್ದರು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದೇ 21 ದಿನದ ಮಾತಿದೆ, 40ನೆಯ ಕಲಮು. ಎಷ್ಟು ಮಂದಿಗೆ ಇದು ಗೊತ್ತು? ಹೊಸ ಯಂತ್ರದ ಪೆಟ್ಟಿಗೆ ಹಿತ್ತಿಲ ಬಾಗಿಲಿಗೆ ಬಂದ ದಿನವೇ ಸಂಘಕ್ಕೆ ತಿಳಿಸಿ. ಅದಕ್ಕೆ ಕೈ ಸಿಕ್ಕದ ಹಾಗೆ ಮುಚ್ಚಳವಿದೆಯೇ ಎಂದೂ ನೋಡಿ. ಬೇಗ ಆಗಲೆಂದು ಮುಚ್ಚಳ ಕಳಚಿಟ್ಟು ತೆಂಗಿನಕಾಯಿ ತುರಿಯುವ ಯಂತ್ರ ನಡೆಸಿದ ಒಂದು ಹೋಟೆಲಿನಲ್ಲಿ ನಮ್ಮ ಜೊತೆಯ ಹುಡುಗನ ಎರಡು ಬೆರಳು ಹೋದವು. ಆ ಹೋಟೆಲಿನ ಹೆಸರು ಇಲ್ಲಿ ಬೇಡ.

ಯಂತ್ರವೆಂದರೆ ಯಾವಾಗಲೂ ಕೆಲಸಗಾರರ ಎದುರುಪಕ್ಷವೆಂದು ತಿಳಿಯಬೇಡಿ. ಇದೇ ಊರಿನ ಐ.ಐ.ಟಿ.ಯಲ್ಲಿ ಪ್ರೊಫೆಸರ್ ಪ್ರಭು ರಾಜಗೋಪಾಲ್ ಅವರ ತಂಡ ಹೋಮೋಸೆಪ್ ಎಂಬ ಯಂತ್ರ ಮಾಡಿದೆ. ಶೌಚದ ಗುಂಡಿಗೆ ಮನುಷ್ಯ ಇಳಿಯದಂತೆ ಮಾಡುವುದು ಅದರ ಗುರಿ. ಗುಂಡಿಯ ಬಾಯಿ ಕಿರಿದು, ಒಳಗೆ ಗಟ್ಟಿಯಾದ ಹೂಳು. ಯಂತ್ರದ ಅಲಗುಗಳು ಮಡಿಚಿಕೊಂಡು ಇಳಿದು, ಒಳಗೆ ಹೋದ ಮೇಲೆ ಕೊಡೆಯ ಹಾಗೆ ಬಿಚ್ಚಿಕೊಂಡು ಹೂಳನ್ನು ಕಲಕುತ್ತವೆ. ಆಮೇಲೆ ಪಂಪಿನಿಂದ ಎಳೆಯುವುದು. ಮಡಿಚುವ ಕೊಡೆ ನಮ್ಮೆಲ್ಲರ ಬಳಿ ಇದೆ, ಅದನ್ನು ಕಂಡು ಹೀಗೆ ಯೋಚಿಸಿದವರು ಅವರು! ಈ ಕೆಲಸಕ್ಕೆ ಜೊತೆಯಾದದ್ದು ಸಫಾಯಿ ಕರ್ಮಚಾರಿ ಆಂದೋಲನ. ಅದರ ನಾಯಕರಾದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಅದೇ ಕೆಲಸ ಮಾಡುತ್ತಿದ್ದ ಮನೆಯಲ್ಲಿ ಹುಟ್ಟಿದವರು. 2022ರಲ್ಲಿ ಮೊದಲ ಎರಡು ಯಂತ್ರಗಳು ಹೋದದ್ದು ಗುತ್ತಿಗೆದಾರರಿಗಲ್ಲ, ಅಂಥ ಕೆಲಸದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರು ಮುಂದೆ ನಿಂತು ನಡೆಸುವ ಸ್ವಸಹಾಯ ಗುಂಪುಗಳಿಗೆ. ಯಂತ್ರ ಯಾರ ಕೈಗೆ ಹೋಗಬೇಕೆಂದು ಕೆಲಸಗಾರರ ಸಂಘಟನೆ ಮೊದಲೇ ಕೇಳಿದರೆ ಹೀಗೂ ಆಗುತ್ತದೆ.

ಅದೇ ಐ.ಐ.ಟಿ.ಯಲ್ಲಿ 2008ರಿಂದ ವಿದ್ಯಾರ್ಥಿಗಳಿಗೆಂದೇ ಒಂದು ಕಾರ್ಯಾಗಾರವಿದೆ. ತಲೆಗೆ ಬಂದದ್ದನ್ನು ಅಲ್ಲಿ ಕಟ್ಟಿ ನೋಡಬಹುದು, ಕೆಟ್ಟರೆ ಬೈಯುವವರಿಲ್ಲ. ನಮಗೆ ಅಷ್ಟು ದೊಡ್ಡದು ಬೇಡ. ಸಂಘದ ಕೋಣೆಯ ಹಿಂದೆ, ಹಳೆಯ ಪತ್ರಿಕೆಗಳ ಕಟ್ಟು ಇಟ್ಟಿರುವ ಜಾಗ ಖಾಲಿ ಮಾಡಿದರೆ ಒಂದು ಮೇಜು, ಒಂದು ಕಬ್ಬಿಣದ ಬೀರು ಹಿಡಿಯುತ್ತವೆ. ಸ್ಪ್ಯಾನರು, ಇಕ್ಕುಳ, ಕರೆಂಟು ನೋಡುವ ಮೀಟರು, ಬೆಸುಗೆ ಹಾಕುವ ಕಡ್ಡಿ ಇಷ್ಟಕ್ಕೆ ಕಾರ್ಯಕಾರಿ ಸಮಿತಿ ಹಣ ಒಪ್ಪಿದೆ. ಮಿಲ್ಲಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಇಬ್ಬರು ಹಿರಿಯರು ವಾರಕ್ಕೊಂದು ಮಧ್ಯಾಹ್ನ ಬಂದು ಕಲಿಸಲು ಒಪ್ಪಿದ್ದಾರೆ. ಅವರಿಗೆ ಊಟ ನಮ್ಮ ಅಡುಗೆಯವರ ಪಾಲು.

ಕೆಲಸ ಯಾವುದರಿಂದ ಶುರುವಾಗಬೇಕೆಂಬುದನ್ನು ನೀವೇ ಹೇಳಬೇಕು. ಸಾಂಬಾರಿನ ದೊಡ್ಡ ಕೊಳಗವನ್ನು ಇಬ್ಬರು ಬಟ್ಟೆ ಸುತ್ತಿ ಎತ್ತಿ ಇಳಿಸುವಾಗ ಕೈಕಾಲು ಸುಟ್ಟುಕೊಂಡವರು ಈ ಸಭೆಯಲ್ಲೇ ಇದ್ದಾರೆ. ನಮ್ಮ ಮತ ಅದಕ್ಕೆ. ಕೊಳಗವನ್ನು ಎತ್ತದೆಯೇ ವಾಲಿಸುವ ಒಂದು ನಿಲುವು ಮಾಡಲು ಬಂದೀತೇ ಎಂದು ಫಿಟ್ಟರ್ ಹಿರಿಯರನ್ನು ಕೇಳಿದೆವು. ಅವರು ಕೊಳಗದ ಅಳತೆ ಕೇಳಿದ್ದಾರೆ: ಬಾಯಿಯ ಅಗಲ, ಎತ್ತರ, ತುಂಬಿದಾಗಿನ ತೂಕ. ಯಾವ ಯಾವ ಹೋಟೆಲಿನವರು ಅಳತೆ ತರುತ್ತೀರಿ, ಹೋಗುವ ಮುಂಚೆ ಬಾಗಿಲ ಬಳಿ ಇರುವ ಪುಸ್ತಕದಲ್ಲಿ ಹೆಸರು ಬರೆಸಿ.